ಬೆಲ್ಲ ಬಾಯಿಗೆ ಹಾಕುವ ಮೊದಲು

ನನ್ನ ಮೊಮ್ಮಗಳು ಸುಮತಿಗೆ ಬ್ಯಾಂಕಿನಲ್ಲಿ ಕೆಲಸ ಆಯಿತು! ಅದೂ ಮಂಗಳೂರಿನ ಹೆಡ್ಡಾಫೀಸಿನಲ್ಲಿ! ಇವತ್ತು ಬೆಳಿಗ್ಗೆ ಬಂದ ಕಾಗದವನ್ನು ಅವಳು ಮೂರು ಸಲ ಓದಿ ಹೇಳಿದಳು, ನಾನು ನಾಲ್ಕನೇ ಸಲವೂ ಓದಿಸಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಬಾಡಿಗೆ ಕಾರಿನ ಡ್ರೈವರ ನಾನು. ನನ್ನ ಮೊಮ್ಮಗಳು ಕೂರುವುದು ಯಾವ ವಿಭಾಗದಲ್ಲಿ ಗೊತ್ತುಂಟಾ? ದೊಡ್ಡ ಕಂಪೆನಿಗಳಿಗೆ ಬಂಡವಾಳ ಕೊಡುವ ವಿಭಾಗದಲ್ಲಿ. ಮುಂದಿನ ಐದು ವರ್ಷ ಬ್ಯಾಂಕು ಯಾವ ಉದ್ಯಮದ ಜೊತೆ ಬೆಳೆಯಬೇಕು, ಯಾರ ಕೈ ಹಿಡಿಯಬೇಕು, ಯಾರ ಕೈ ಬಿಡಬೇಕು ಅಂತ ಯೋಚಿಸಿ ಬರೆಯುವ ಜಾಗವಂತೆ. ಪುತ್ತೂರು ದರ್ಬೆಯ ನಮ್ಮ ಮನೆಯಿಂದ ಬಸ್‌ಸ್ಟ್ಯಾಂಡಿನವರೆಗೆ ಎದುರು ಸಿಕ್ಕಿದವರಿಗೆಲ್ಲ ಹೇಳಿ ಬಂದೆ. ಹಲ್ಲು ಕೀಳಿಸಿಕೊಂಡು ಬಾಯಿ ಮುಚ್ಚಿಕೊಂಡು ಬರುತ್ತಿದ್ದವನನ್ನೂ ಬಿಡಲಿಲ್ಲ. ಸಿಕ್ಕದವರಿಗೆ ಬರೆದು ಹೇಳುವಾ ಅಂತ ಕೂತೆ. ಕೂತರೆ ಮನಸ್ಸಿಗೆ ಬರುವುದು ಬೇರೆಯವರೇ. ಏಜೆಂಟರು ವಾಸುದೇವ ರಾಯರು.

ಎರಡೂ ಚಪ್ಪಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಪಂಚೆ ಎತ್ತಿ ಕಟ್ಟಿ, ಬೇಲಿ ದಾಟುವ ಬ್ಯಾಂಕಿನವರನ್ನು ನೀವು ನೋಡಿದ್ದುಂಟಾ? ನಾನು ವಾರಕ್ಕೆರಡು ಸಲ ನೋಡುತ್ತಿದ್ದೆ. ಬ್ಯಾಂಕಿನ ಶಾಖೆಯ ಯಜಮಾನರನ್ನು ಆಗ ಏಜೆಂಟರು ಅಂತ ಕರೆಯುತ್ತಿದ್ದದ್ದು. ಇದೇ ಬ್ಯಾಂಕಿನ ಪುತ್ತೂರಿನ ಶಾಖೆಗೆ ರಾಯರು ಏಜೆಂಟರಾಗಿ ಬಂದಾಗ ಅವರ ತಿರುಗಾಟಕ್ಕೆಲ್ಲ ಗೊತ್ತು ಮಾಡಿದ್ದು ನನ್ನ ಕಾರು. ಸುಳ್ಯಕ್ಕೆ ಹೋಗಲಿ, ಕಡಬಕ್ಕೆ ಹೋಗಲಿ, ಯಾವ ಮಿಲ್ಲು, ಯಾವ ಕಾರ್ಖಾನೆ ಆದರೂ ಒಂದು ಫರ್ಲಾಂಗ್ ಹಿಂದೆಯೇ ಕಾರು ನಿಲ್ಲಬೇಕು. ಅಲ್ಲಿಂದ ಅವರು ಹಿತ್ತಲಿನ ದಾರಿ ಹುಡುಕಿಕೊಂಡು ನಡೆಯುವುದು. ಹಿಂದೆ ಬಿದ್ದ ಕಸ, ಕೆಲಸದವರ ಬುತ್ತಿ, ಯಂತ್ರಕ್ಕೆ ಎಣ್ಣೆ ಉಂಟಾ ಇಲ್ಲವಾ, ಎಲ್ಲ ನೋಡಿ ಆದ ಮೇಲೆಯೇ ಎದುರಿನ ಬಾಗಿಲಿಗೆ ಬಂದು, ಚಪ್ಪಲಿ ಹಾಕಿಕೊಂಡು, ಗಂಟಲು ಸರಿಮಾಡಿ, "ಧಣಿಗಳು ಇದ್ದಾರಾ?" ಅಂತ ಕೇಳುವುದು.

"ನೇರ ಎದುರಿನಿಂದಲೇ ಹೋಗಬಾರದಾ ರಾಯರೇ? ಮುಳ್ಳು ತಾಗುತ್ತದೆ" ಅಂತ ಒಮ್ಮೆ ಕೇಳಿದೆ.

"ಎದುರಿನಿಂದ ಹೋದರೆ ಬೆಲ್ಲ ನೀರು ತಂದಿಡ್ತಾರೆ ಸುಬ್ಬಣ್ಣ. ಒಂದು ತುಂಡು ಬೆಲ್ಲ ಬಾಯಿಗೆ ಹಾಕಿದೆನಾ, ನಾನು ನೆಂಟ ಆದೆ. ನೆಂಟ ಆದವ ಅವರ ಹಿತ್ತಲು ಕೆದಕ್ಲಿಕ್ಕೆ ಹೋಗುದುಂಟಾ ಮಾರಾಯ?"

ನಮ್ಮ ಕಡೆ ಜಗಲಿ ಹತ್ತಿದವರಿಗೆ ಮೊದಲು ಬೆಲ್ಲ ನೀರು ಕೊಡುವುದು ಕ್ರಮ. ಬೇಡ ಅಂದರೆ ಮನೆಗೇ ಅವಮಾನ. ಆ ಬೆಲ್ಲ ತಟ್ಟೆಗೆ ಬರುವ ಮೊದಲು ರಾಯರ ಕೆಲಸ ಮುಗಿಯಬೇಕು, ಅಷ್ಟೆ.

ಇನ್ನೊಂದು ಅಭ್ಯಾಸ ಇತ್ತು. ಆಗಿನ ಮಣ್ಣಿನ ಮಾರ್ಗದಲ್ಲಿ ಹತ್ತು ಮೈಲು ಹೋದರೆ ಕಾರಿನ ಮೂತಿಯ ಮೇಲೆ ಕೆಂಪು ಧೂಳು ಕೂರುತ್ತದೆ. ರಾಯರು ಅದರ ಮೇಲೆ ಬೆರಳಿನಿಂದ ಗೆರೆ ಎಳೆದು ಯೋಚನೆ ಮಾಡುವುದು. ಇದು ಪುತ್ತೂರು, ಇದು ಹೊಳೆ, ಇಲ್ಲಿ ಮರ, ಇಲ್ಲಿ ರಬ್ಬರು. ನಾನು ಬಟ್ಟೆ ತೆಗೆದರೆ ಸಾಕು, "ಒರೆಸಬೇಡ ಮಾರಾಯ, ಅದು ಬ್ಯಾಂಕಿನ ಮೂರು ವರ್ಷ" ಅನ್ನುತ್ತಿದ್ದರು.

ಆ ಮೂರು ವರ್ಷದ ತಲೆಬಿಸಿ ಹೆಡ್ಡಾಫೀಸಿನಿಂದ ಬಂದದ್ದು. ಚಿಲ್ಲರೆ ವ್ಯವಹಾರ ಸಾಕು, ಮೂರು ವರ್ಷದಲ್ಲಿ ಬ್ಯಾಂಕು ಎರಡು ಪಾಲು ದೊಡ್ಡದಾಗಬೇಕು, ಒಂದೊಂದು ಶಾಖೆ ಒಂದೊಂದು ಕಂಪೆನಿಯನ್ನು ಹಿಡಿದು ಬೆಳೆಸಬೇಕು ಅಂತ ಕಾಗದ. ಒಂದೇ, ಎರಡಿಲ್ಲ. ಹೆಡ್ಡಾಫೀಸಿನವರ ಕಣ್ಣು ಸುಳ್ಯದ ಒಂದು ಮರದ ಮಿಲ್ಲಿನ ಮೇಲೆ. ರಾಯರ ಮನಸ್ಸು ಕಡಬದಲ್ಲಿ.

ಕಡಬದ ಆಚೆ ಇಚಿಲಂಪಾಡಿಯ ಹತ್ತಿರ ಕೇರಳದಿಂದ ಬಂದು ಕಾಡು ಕಡಿದು ರಬ್ಬರು ಹಾಕಿದ ಕುಟುಂಬಗಳು ಇದ್ದವು. ದೋಣಿಯಲ್ಲಿ ಹೊಳೆ ದಾಟಿ, ಮತ್ತೆ ನಡೆದು, ಅವರಲ್ಲಿ ಒಬ್ಬರಾದ ವರ್ಕಿಚ್ಚನ ಮನೆಗೆ ಹೋದೆವು. ಅಭ್ಯಾಸ ಬಲದಿಂದ ರಾಯರು ಹಿಂದಿನಿಂದಲೇ ನುಗ್ಗಿದರು. ನುಗ್ಗಿದ್ದು ನೇರ ಅಡಿಗೆಮನೆಗೆ! ವರ್ಕಿಚ್ಚನ ಹೆಂಡತಿ ಏಲಿಯಮ್ಮ ಸೌಟು ಹಿಡಿದುಕೊಂಡು ಮಲಯಾಳದಲ್ಲಿ ಬೈದದ್ದು ಇವತ್ತಿಗೂ ಕಿವಿಯಲ್ಲಿ ಉಂಟು. ರಾಯರಿಗೆ ಅದು ಕೇಳಿಸಲೇ ಇಲ್ಲ. ಅವರು ಮೇಲೆ ನೋಡುತ್ತಾ ನಿಂತಿದ್ದರು. ಒಲೆಯ ಮೇಲೆ ಬಟ್ಟೆ ಒಣಗಿಸಿದ ಹಾಗೆ ರಬ್ಬರಿನ ಹಾಳೆಗಳನ್ನು ಹೊಗೆಗೆ ತೂಗು ಹಾಕಿದ್ದರು. ಮಸಿ ಹಿಡಿದು ಕಪ್ಪಾಗಿದ್ದವು.

"ಎಲ್ಲರ ಮನೆಯಲ್ಲೂ ಹೀಗೆಯಾ ಅಮ್ಮ?" ಬ್ಯಾಂಕಿನವ ಅಂತ ಹೇಳಿ ರಾಯರು ಕೇಳಿದರು.

ಏಲಿಯಮ್ಮನ ಸೌಟು ಕೆಳಗಿಳಿಯಿತು. "ಮತ್ತೆ ಎಲ್ಲಿ ಒಣಗಿಸುದು ಸಾರ್, ನಿಮ್ಮ ಬ್ಯಾಂಕಿನಲ್ಲಿಯಾ? ಗಂಜಿಗೆ ಸಹ ರಬ್ಬರಿನ ವಾಸನೆ. ಈ ಕಪ್ಪಿಗೆ ವ್ಯಾಪಾರಿ ಅರ್ಧ ಕ್ರಯವೂ ಹೇಳುದಿಲ್ಲ."

ಆ ದಿನ ದೋಣಿ ದಾಟಿ ಬಂದು ಕಾರಿನ ಮೇಲೆ ರಾಯರು ಬಿಡಿಸಿದ್ದು ಒಂದು ದೊಡ್ಡ ಚೌಕ, ಅದರ ಸುತ್ತ ಸಣ್ಣ ಸಣ್ಣ ಚುಕ್ಕೆ. "ಈ ಚುಕ್ಕೆಗಳೆಲ್ಲ ಅಡಿಗೆಮನೆ ಸುಬ್ಬಣ್ಣ. ಚೌಕ ಉಂಟಲ್ಲ, ಅದು ಎಲ್ಲರಿಗೂ ಸೇರಿ ಹಾಳೆ ಒಣಗಿಸುವ ಒಂದು ಹೊಗೆಮನೆ. ಇವರನ್ನೆಲ್ಲ ಸೇರಿಸಿ ಒಂದು ಕಂಪೆನಿ ಮಾಡಿದರೆ ಅದರ ಜೊತೆ ಬ್ಯಾಂಕೂ ಬೆಳೆಯುತ್ತದೆ. ಸುಳ್ಯದ ಮಿಲ್ಲು ಪೊಳ್ಳು ಅಂತ ಗೊತ್ತಾದರೆ ಬಂಡವಾಳ ಇಲ್ಲಿಗೆ ತರಿಸ್ತೇನೆ. ಗಟ್ಟಿ ಇದ್ದರೆ ಹೆಡ್ಡಾಫೀಸು ಹೇಳಿದ್ದೇ ಸರಿ. ಒಮ್ಮೆ ಅದರ ಹಿತ್ತಲು ನೋಡಿ ಬರುವಾ."

ಇನ್ನು ಬರೆಯುವುದು ಕಷ್ಟ. ಆದರೂ ಇವತ್ತು ಬರೆಯದಿದ್ದರೆ ಯಾವತ್ತೂ ಬರೆಯಲಾರೆ.

ಸುಳ್ಯಕ್ಕೆ ಹೋಗುವ ವಾರವೇ ನಾನು ಕಾರಿಗೆ ಹೊಸ ಬಣ್ಣ ಹೊಡೆಸಿ ಹೊಸ ಹಾರ್ನ್ ಹಾಕಿಸಿದ್ದೆ. ಮಿಲ್ಲಿನ ಗೇಟಿನ ಎದುರೇ ನನ್ನ ಹೆಂಡತಿಯ ಅಣ್ಣನ ಅಂಗಡಿ. ಬಾಡಿಗೆ ಕಾರಿನವನಿಗೆ ತಂಗಿಯನ್ನು ಕೊಟ್ಟು ಕೆಟ್ಟೆ ಅಂತ ಹತ್ತು ಜನರ ಎದುರು ಹೇಳಿದ ಮನುಷ್ಯ. ತಿರುವು ಬಂತು. "ಇಲ್ಲೇ ನಿಲ್ಲಿಸು" ಅಂದರು ರಾಯರು. ನನಗೆ ಕೇಳಿಸಿತು. ಕೇಳಿಸದವನ ಹಾಗೆ ಗೇಟಿನವರೆಗೂ ಹೋದೆ. ಹೋಗಿ ಭಾವನಿಗೆ ಕೇಳಲಿ ಅಂತ ಮೂರು ಸಲ ಹಾರ್ನ್ ಹೊಡೆದೆ.

ಭಾವ ಹೊರಗೆ ಬಂದು ನೋಡಿದ. ಮಿಲ್ಲಿನ ಧಣಿಯೂ ಓಡಿ ಬಂದ. "ಓಹೋ, ಏಜೆಂಟರು! ಬನ್ನಿ ಬನ್ನಿ!" ಅಂತ ರಾಯರ ಕೈ ಹಿಡಿದು ಜಗಲಿಗೆ ಹತ್ತಿಸಿದ. ಚೊಂಬಿನಲ್ಲಿ ನೀರು ಬಂತು, ತಟ್ಟೆಯಲ್ಲಿ ಬೆಲ್ಲ ಬಂತು. ರಾಯರು ಒಮ್ಮೆ ನನ್ನ ಕಡೆ ನೋಡಿದರು. ಮತ್ತೆ ಒಂದು ತುಂಡು ಬಾಯಿಗೆ ಹಾಕಿಕೊಂಡರು.

"ಸ್ವಲ್ಪ ಹಿಂದೆ ಹೋಗಿ ನೋಡಿ ಬರ್ತೇನೆ" ಅಂತ ಎದ್ದರೆ ಧಣಿ ಬಿಡಬೇಕಲ್ಲ. "ಹಿಂದೆ ಎಂತ ಉಂಟು ರಾಯರೇ, ಮರದ ಹುಡಿ! ಊಟ ಆಗ್ತಾ ಉಂಟು, ಕೂತ್ಕೊಳ್ಳಿ. ಮನೆಯವಳು ನೀವು ಬಂದಿರಿ ಅಂತ ಪಾಯಸ ಮಾಡ್ತಾ ಇದ್ದಾಳೆ." ಎದುರಿನ ಅಂಗಳದಲ್ಲಿ ಮರದ ದಿಮ್ಮಿಗಳನ್ನು ಸಾಲಾಗಿ ಜೋಡಿಸಿದ್ದರು. ಅದನ್ನು ತೋರಿಸಿ ತೋರಿಸಿ ಮಾತಾಡಿದ.

ಹಿಂದೆ ಹೋದದ್ದು ನಾನು. ಕಾರಿಗೆ ನೀರು ಹಾಕಬೇಕಿತ್ತು, ಬಾವಿ ಹಿಂದೆ ಇತ್ತು. ಗರಗಸದ ಮೇಜಿನ ಮೇಲೆ ಒಂದು ಕೋಳಿ ಮರಿಗಳನ್ನು ಇಟ್ಟುಕೊಂಡು ಕೂತಿತ್ತು. ಹತ್ತಿರ ಹೋದರೂ ಏಳಲಿಲ್ಲ. ಮರದ ಹುಡಿಯ ರಾಶಿಯ ಮೇಲೆ ಮೊಣಕಾಲಿನವರೆಗೆ ಹುಲ್ಲು. ಆ ಗರಗಸ ತಿರುಗಿ ತಿಂಗಳುಗಟ್ಟಲೆ ಆಗಿತ್ತು ಅಂತ ನನ್ನಂಥವನಿಗೂ ತಿಳಿಯಿತು.

ಬರುವ ದಾರಿಯಲ್ಲಿ ಕೋಳಿಯ ಸುದ್ದಿ ಹೇಳಲಿಕ್ಕೆ ಬಾಯಿ ತೆರೆದೆ. ಹೇಳಿದರೆ, "ನಿಲ್ಲಿಸು ಅಂದಲ್ಲಿ ಯಾಕೆ ನಿಲ್ಲಿಸಲಿಲ್ಲ?" ಅಂತ ಕೇಳುತ್ತಾರೆ. ಬ್ಯಾಂಕಿನ ಬಾಡಿಗೆ ತಪ್ಪಿದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ದೊಡ್ಡವರ ವ್ಯವಹಾರ, ಅವರಿಗೇ ಗೊತ್ತಿರುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಪುತ್ತೂರಿನಲ್ಲಿ ಇಳಿದು ರಾಯರು ಅಭ್ಯಾಸದಂತೆ ಕಾರಿನ ಮೂತಿಗೆ ಬೆರಳು ತಂದರು. ಸುಳ್ಯದಲ್ಲಿ ನಾನೇ ತೊಳೆದು ಒರೆಸಿದ್ದೆ, ಬರುವಾಗ ಮಳೆ ಬಿದ್ದು ಧೂಳೂ ಏಳಲಿಲ್ಲ. ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು.

"ಇನ್ನು ಎಲ್ಲಿ ಬರೆಯುದು ಮಾರಾಯ?" ಅಂದು ಒಳಗೆ ಹೋದರು.

ಹಿತ್ತಲು ನೋಡದೆಯೇ ರಾಯರು ಒಪ್ಪಿ ಬರೆದರು, ಮಿಲ್ಲಿಗೆ ಬಂಡವಾಳ ಹೋಯಿತು. ಮುಂದಿನ ಮಳೆಗಾಲಕ್ಕೆ ಮಿಲ್ಲು ಮುಚ್ಚಿತು, ಧಣಿ ಗಡಿ ದಾಟಿ ಎಲ್ಲಿಗೆ ಹೋದನೋ ತಿಳಿಯಲಿಲ್ಲ. ಪುತ್ತೂರು ಶಾಖೆ ಇನ್ನು ಯಾವ ಕಂಪೆನಿಯ ಸುದ್ದಿಯನ್ನೂ ತರಬಾರದು ಅಂತ ಹೆಡ್ಡಾಫೀಸು ಬರೆಯಿತು. ಕಡಬದ ಹೊಗೆಮನೆ ಅಲ್ಲಿಗೆ ಮುಗಿಯಿತು. ಏಲಿಯಮ್ಮನ ಗಂಜಿಗೆ ಮತ್ತೂ ರಬ್ಬರಿನ ವಾಸನೆಯೇ. ರಾಯರಿಗೆ ಏಜೆಂಟರ ಕುರ್ಚಿ ಹೋಗಿ, ಮಂಗಳೂರಿನಲ್ಲಿ ಮೂಲೆಯ ಮೇಜು ಸಿಕ್ಕಿತು.

ಹೊರಡುವ ದಿನ ಅವರ ಟ್ರಂಕು ನನ್ನ ಕಾರಿನಲ್ಲೇ ಬಂತು. "ನಿನ್ನ ಮನೆಗೆ ನಾನು ಬಂದೇ ಇಲ್ಲ ಸುಬ್ಬಣ್ಣ" ಅಂತ ದರ್ಬೆಯಲ್ಲಿ ಇಳಿದರು. ಎದುರಿನ ಬಾಗಿಲಿನಿಂದಲೇ ಬಂದರು. ನನ್ನ ಹೆಂಡತಿ ಬೆಲ್ಲ ನೀರು ತಂದಿಟ್ಟಳು. ರಾಯರು ಎರಡು ತುಂಡು ತಿಂದರು. "ಇನ್ನು ಎಲ್ಲಿ ಹೋದರೂ ನಾನು ನೆಂಟನೇ. ಅವತ್ತು ಬೆಲ್ಲ ತಿಂದದ್ದು ನಾನು. ತಪ್ಪು ನನ್ನದು" ಅಂದರು. ಕೋಳಿಯ ಸುದ್ದಿ ನನ್ನ ನಾಲಗೆಯ ತುದಿಯಲ್ಲಿತ್ತು. ಆಗಲೂ ಹೇಳಲಿಲ್ಲ. ಎರಡು ವರ್ಷದಲ್ಲಿ ಅವರು ತೀರಿಕೊಂಡರು ಅಂತ ಬ್ಯಾಂಕಿನವರು ಹೇಳಿದರು. ಹಾರ್ನ್ ಕಿತ್ತು ಹಾಕಿದ್ದು ಆ ದಿನ.

ಇಷ್ಟು ಬರೆಯುವಾಗ ಸಂಜೆ ಆಯಿತು, ಊಟಕ್ಕೆ ಕರೆದರು. ಮಗಳು, ಅಳಿಯ, ಮೊಮ್ಮಕ್ಕಳು, ಸುಳ್ಯದಿಂದ ಭಾವ ಸಹ ಬಂದು ಸಾಲಾಗಿ ಕೂತೆವು. ಸೌತೆಕಾಯಿ ಹುಳಿ, ಹೆಸರುಬೇಳೆ ಪಾಯಸ. ಎಲ್ಲರೂ ನಗುವಾಗ ನಾನು ಎಲ್ಲವನ್ನೂ ಹೇಳಿಬಿಟ್ಟೆ. ತಿರುವು, ಹಾರ್ನ್, ಕೋಳಿ. ಭಾವ ತಲೆ ತಗ್ಗಿಸಿದ.

ಸುಮತಿ ಬಡಿಸುತ್ತಿದ್ದವಳು ಪಾಯಸದ ಪಾತ್ರೆ ಹಿಡಿದು ನನ್ನ ಎದುರು ನಿಂತಳು. "ಅಜ್ಜ, ನಾನು ಕಂಪೆನಿ ನೋಡ್ಲಿಕ್ಕೆ ಹೋಗುವಾಗ ಡ್ರೈವರನ್ನೂ ಕೇಳ್ತೇನೆ. ಹಿತ್ತಲಲ್ಲಿ ಎಂತ ಕಂಡಿತು ಅಂತ."

ನನ್ನ ಕೈ ಎಲೆಯ ಮೇಲೆಯೇ ನಿಂತಿತು.

"ಉಣ್ಣಿ ಅಜ್ಜ, ಆರ್ತಾ ಉಂಟು" ಅಂತ ಅವಳು ಇನ್ನೂ ಒಂದು ಸೌಟು ಹಾಕಿದಳು. ನಾವೆಲ್ಲ ಉಂಡೆವು.