ನಾಲ್ಕರಷ್ಟು ಕೆಂಡ

ಬಳೆಗಳನ್ನು ಮೊಣಕೈವರೆಗೆ ಏರಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೆಂಡದ ಹೊಗೆಗೆ ಒಂದು ಕಣ್ಣು ಮುಚ್ಚಿಕೊಂಡೇ ನಮ್ಮ ಗೃಹವಿಜ್ಞಾನದ ಟೀಚರ್ ಪಾಠ ಮಾಡುತ್ತಿದ್ದರು. ಮುಂಗೈ ತುಂಬ ಸುಟ್ಟ ಕಲೆಗಳು. ಅಷ್ಟು ಸುಟ್ಟುಕೊಂಡರೂ ಬುದ್ಧಿ ಬರಲಿಲ್ಲವಲ್ಲ ಎಂದು ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅರವತ್ತರ ದಶಕದ ಚಿಂತಾಮಣಿ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆ ತರಗತಿ ಆಗಷ್ಟೇ ಶುರುವಾಗಿತ್ತು. ಓವನ್ ಎಲ್ಲಿಂದ ಬರಬೇಕು? ದೊಡ್ಡ ಕೊಳದಪ್ಪಲೆಯ ತಳಕ್ಕೆ ಮರಳು ಹಾಸಿ, ಒಳಗೆ ಕೇಕಿನ ತಟ್ಟೆಯಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡುತ್ತಿದ್ದರು. ತಟ್ಟೆ ಬದಲಾದರೆ ಅಳತೆಗೆ ಅವರದೇ ಉಪಾಯ. ಹಳೆಯದು, ಹೊಸದು ಎರಡಕ್ಕೂ ಚೊಂಬಿನಿಂದ ನೀರು ತುಂಬಿ ನೋಡುವುದು. ಎಷ್ಟು ಪಟ್ಟು ನೀರು ಹಿಡಿಯಿತೋ ಅಷ್ಟು ಪಟ್ಟು ಮೈದಾ, ಸಕ್ಕರೆ, ಬೆಣ್ಣೆ, ಮೊಟ್ಟೆ. "ನೀರು ಸುಳ್ಳು ಹೇಳಲ್ಲ ಕಣೇ" ಎನ್ನುತ್ತಿದ್ದರು. ಅಷ್ಟರಮಟ್ಟಿಗೆ ಸರಿಯೇ.

ತರಗತಿ ಮುಂದುವರಿಯಬೇಕೋ ಬೇಡವೋ ಎಂದು ನೋಡಲು ಇನ್ಸ್‌ಪೆಕ್ಟರಮ್ಮ ಬರುವ ದಿನ ಬಂತು. ಟೀಚರಿಗೆ ಎತ್ತರದ ಕೇಕ್ ಮಾಡುವ ಹುಚ್ಚು. ಎಲ್ಲಿಂದಲೋ ಉದ್ದನೆಯ ಡಬ್ಬವೊಂದನ್ನು ತಂದರು. ಅದು ನಮ್ಮ ತಟ್ಟೆಯ ನಾಲ್ಕರಷ್ಟು ನೀರು ಹಿಡಿಯಿತು. ದಪ್ಪ ಕಡುಬು ಬೇಯಲು ಹೊತ್ತು ಹಿಡಿಯುತ್ತದೆಂದು ಮನೆಯಲ್ಲಿ ಕಂಡವಳು ನಾನು.

"ಟೀಚರ್, ಇದ್ರಲ್ಲಿ ನಡುವೆ ಬೇಯಲ್ಲ. ತಟ್ಟೇಲೇ ನಾಲ್ಕು ಸಲ ಮಾಡಣ."

"ಬಂದೋರ ಮುಂದೆ ತಟ್ಟೆ ತಟ್ಟೆ ಜೋಡಿಸೋಕೆ ಇದೇನು ಇಡ್ಲಿ ಅಂಗಡೀನಾ? ಸುಮ್ನಿರಮ್ಮ."

"ಹಂಗಾದ್ರೆ ಸಣ್ಣ ಉರೀಲಿ ಜಾಸ್ತಿ ಹೊತ್ತಾದ್ರೂ ಇಡಣ."

"ಹಿಟ್ಟು ನಾಲ್ಕರಷ್ಟು, ಕೆಂಡಾನೂ ನಾಲ್ಕರಷ್ಟು. ಅದೇ ಹೊತ್ತಿಗೆ ಬೇಯುತ್ತೆ. ನಿಂಗೇನೇ ಗೊತ್ತು?"

ಇನ್ಸ್‌ಪೆಕ್ಟರಮ್ಮ ಚಾಕು ಹಾಕಿದರು. ಮೇಲೆಲ್ಲ ಕರಕಲು. ಒಳಗಿನ ಹಸಿ ಹಿಟ್ಟು ತಟ್ಟೆ ದಾಟಿ ಅವರ ಸೀರೆಗೆ ಸುರಿಯಿತು.

ಆ ವರ್ಷವೇ ತರಗತಿ ಮುಚ್ಚಿತು. ಟೀಚರನ್ನು ಹೊಲಿಗೆ ಹೇಳಿಕೊಡಲು ಗೌರಿಬಿದನೂರಿಗೆ ಹಾಕಿದರು. ಹೊರಟ ದಿನ ಬಸ್ಸಿನ ಕಿಟಕಿಯಿಂದ ಬಗ್ಗಿ ಏನೆಂದರು ಗೊತ್ತೇ? "ಇನ್ನೊಂಚೂರು ಕೆಂಡ ಹಾಕಿದ್ರೆ ಆಗೋದು ಕಣೇ." ಅಳಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಆ ಹಟಕ್ಕೇ ನಾನು ಗೃಹವಿಜ್ಞಾನ ಓದಿದೆ, ಟೀಚರೂ ಆದೆ. ಎಂಥ ಡಬ್ಬದಲ್ಲೂ ಹದವಾಗಿ ಬೇಯಿಸುವುದು ಕೈಗೆ ಹತ್ತಿದ ಮೇಲೆ, ಒಂದು ಭಾನುವಾರ ಎತ್ತರದ ಕೇಕನ್ನು ಮಡಿಲಲ್ಲಿಟ್ಟುಕೊಂಡು ಗೌರಿಬಿದನೂರಿಗೆ ಹೋದೆ. "ನೀನು ಹೇಳಿದ್ದೇ ಸರಿ" ಎಂದು ಅವರ ಬಾಯಲ್ಲಿ ಹೇಳಿಸದೆ ಬಿಡಬಾರದೆಂದಿದ್ದೆ.

ಬಾಗಿಲು ತೆಗೆದ ಅವರ ತಂಗಿ, "ಅಕ್ಕ ತೀರಿಹೋಗಿ ಎರಡು ತಿಂಗಳಾಯ್ತಲ್ಲಮ್ಮ" ಎಂದರು.

ಒಳಗೆ ಕೂರಿಸಿದರು. ತಂದದ್ದನ್ನು ವಾಪಸ್ ಒಯ್ಯಬಾರದೆಂದು ಅವರೇ ಕೇಕ್ ಕೊಯ್ದು ಒಂದು ಚೂರು ಬಾಯಿಗಿಟ್ಟುಕೊಂಡರು.

"ಎಷ್ಟು ಚೆನ್ನಾಗಿ ಬೆಂದೈತೆ! ಅಕ್ಕ ಕಲಿಸಿದ್ದಾ?"

ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬಂತು. ಹೌದೆಂದೆ.