ಇಟ್ಟಿಗೆಗೊಂದು ಕಾಯಂ ಸೀಟು

ನಮ್ಮ ವ್ಯಾನಿನಲ್ಲಿ ಒಂದು ಇಟ್ಟಿಗೆಗೆ ಕಾಯಂ ಸೀಟಿದೆ. ಡ್ರೈವರ್ ಸೀಟಿನ ಹಿಂದೆ ಅದರ ಅಳತೆಗೇ ಮಾಡಿಸಿದ ಮರದ ಗೂಡು, ಗೂಡಿನೊಳಗೆ ಹಸಿರು ಬಟ್ಟೆಯ ಮೆತ್ತೆ. ವ್ಯಾನು ನಿಲ್ಲಿಸಿದಾಗಲೆಲ್ಲ ನಾನು ಮೊದಲು ಇಳಿದು, ಇಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಹಿಂದಿನ ಚಕ್ರಕ್ಕೆ ಅಡ್ಡ ಕೊಡುತ್ತೇನೆ. ಏರಿನಲ್ಲಿ ಹೀಗೆ ಮಾಡಿದರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಅಂಗೈಯಂತೆ ಸಮತಟ್ಟಾದ ಜಾಗದಲ್ಲೂ, ದಿಲ್ಲಿಯ ಸರೋಜಿನಿ ನಗರದ ಮಾರುಕಟ್ಟೆಯ ಹೊರಗೆ ಎರಡು ಕಾರುಗಳ ನಡುವೆ ಅಲುಗಲೂ ಆಗದಂತೆ ಸಿಕ್ಕಿಕೊಂಡಿರುವಾಗಲೂ ಮಾಡಿದರೆ ಜನ ನೋಡುತ್ತಾರೆ. ಒಬ್ಬ ಪಾರ್ಕಿಂಗ್ ಭಯ್ಯಾ ಅಂತೂ, ಇದು ದಕ್ಷಿಣದವರ ಯಾವುದಾದರೂ ಪೂಜೆಯೇ ಎಂದು ಕೇಳಿದ. ಹೌದೆಂದೆ. ಪೂರ್ತಿ ಸುಳ್ಳಲ್ಲ.

ಈ ಇಟ್ಟಿಗೆಯ ಪೂರ್ವಾಶ್ರಮ ತಿಳಿಯಬೇಕಾದರೆ ವ್ಯಾನಿನ ಪೂರ್ವಾಶ್ರಮದಿಂದ ಶುರುಮಾಡಬೇಕು. ನನ್ನ ಹೆಂಡತಿ ಸುನಂದಾ ಪಶುವೈದ್ಯೆ. ಬೀದರಿನಲ್ಲಿ ಓದಿ, ಮದುವೆಯಾಗಿ, ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವ ನನ್ನ ಜೊತೆ ವಸಂತ್ ಕುಂಜಿನ ಮೂರನೆಯ ಮಹಡಿಯ ಫ್ಲ್ಯಾಟಿಗೆ ಬಂದವಳು. ಅವಳ ರೋಗಿಗಳು ಮಾತ್ರ ಮಹಡಿ ಹತ್ತಿ ಬರುವ ಜಾತಿಯವರಲ್ಲ. ಎಮ್ಮೆ ನಜಫ್‌ಗಢದ ಕಡೆ, ಕುದುರೆ ಗುರ್‌ಗಾಂವಿನ ಆಚೆ, ನಾಯಿಗಳಂತೂ ಇಡೀ ರಾಜಧಾನಿಯ ತುಂಬ. ಹೀಗಾಗಿ ಒಂದು ಬೇಕರಿಯವರು ಬ್ರೆಡ್ಡು ಸಾಗಿಸಿ ಸುಸ್ತಾಗಿಸಿದ್ದ ಹಳೆಯ ಸರಕು ವ್ಯಾನನ್ನು ಕೊಂಡೆವು. ಮೊದಲ ತಿಂಗಳು ಅದರೊಳಗಿನ ಬ್ರೆಡ್ಡಿನ ವಾಸನೆ ಹೋಗಲಿಲ್ಲ. ಡಾಕ್ಟರ ಗಾಡಿ ಕಂಡರೆ ಬಾಲ ಮಡಚಿ ಓಡಬೇಕಾದ ನಾಯಿಗಳು ನಮ್ಮ ವ್ಯಾನಿನ ಹಿಂದೆ ಮೆರವಣಿಗೆಯಾಗಿ ಬರುತ್ತಿದ್ದವು. ರೋಗಿಗಳು ಇಷ್ಟು ಉತ್ಸಾಹದಿಂದ ಬರುವ ವೈದ್ಯರು ಈ ಊರಿನಲ್ಲಿ ಬೇರೆ ಯಾರೂ ಇರಲಾರರು ಎಂದು ಸುನಂದಾ ಬೀಗಿದಳು.

ಮನೆಗೊಂದೇ ವಾಹನ; ಆದ್ದರಿಂದ ಅದು ವಾರದಲ್ಲಿ ಆರು ದಿನ ಆಸ್ಪತ್ರೆಯೂ ಭಾನುವಾರ ನಮ್ಮ ವಿಹಾರರಥವೂ ಆಗಬೇಕಿತ್ತು. ವಿಭಜನೆಯ ಇತಿಹಾಸವನ್ನು ವರ್ಷ ವರ್ಷವೂ ಪಾಠ ಮಾಡುವ ನನಗೆ ಆರು ಅಡಿಯ ಒಂದು ತಗಡಿನ ಡಬ್ಬಿಯಲ್ಲಿ ಗಡಿ ಎಳೆಯುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಸುನಂದಾಗೆ ಸ್ಟೀಲಿನ ಮೇಜು ಬೇಕು, ಔಷಧಿಗೆ ಖಾನೆಗಳು ಬೇಕು, ಸಿಟ್ಟಿನ ಬೆಕ್ಕುಗಳಿಗೆ ಪಂಜರ ಬೇಕು. ಹನ್ನೊಂದು ವರ್ಷದ ಮಗಳು ಇಳಾಗೆ ಮಲಗಿಕೊಂಡು ಕಿಟಕಿಯಾಚೆ ನೋಡಲು ಜಾಗ ಬೇಕು. ಸಂಧಾನದ ಫಲವಾಗಿ, ಮಡಚಿದರೆ ಗೋಡೆಗೆ ಒರಗುವ ಮೇಜು, ಬಿಡಿಸಿದರೆ ಮಂಚವಾಗುವ ಬೆಂಚು ಎಂದು ತೀರ್ಮಾನವಾಯಿತು. ಶನಿವಾರ ಯಾವುದೋ ನಾಯಿ ತನ್ನ ಗಾಯಕ್ಕೆ ಹೊಲಿಗೆ ಹಾಕಿಸಿಕೊಂಡ ಅದೇ ಮೇಜಿನ ಮೇಲೆ ಭಾನುವಾರ ಚಿತ್ರಾನ್ನ ಬಡಿಸಿಕೊಳ್ಳಲು ಒಂದು ಬಗೆಯ ಸ್ಥಿತಪ್ರಜ್ಞತೆ ಬೇಕು. ಮೂರು ಸಲ ಡೆಟಾಲ್ ಹಾಕಿ ಒರೆಸಿದ್ದೇನೆ ಎಂದು ಅವಳು ಹೇಳುತ್ತಾಳೆ. ಚಿತ್ರಾನ್ನಕ್ಕೂ ಅದು ಗೊತ್ತಾಗಿರುತ್ತದೆ.

ಇದನ್ನೆಲ್ಲ ಮಾಡಿಕೊಟ್ಟವರು ಮುನಿರ್ಕಾದ ಯಾಸೀನ್ ಮಿಸ್ತ್ರಿ. ಸಹಾರನ್‌ಪುರದವರು, ಅರುವತ್ತರ ಆಸುಪಾಸು, ಮೆಹಂದಿ ಹಚ್ಚಿದ ಕೆಂಪು ಗಡ್ಡ. ಮರಗೆಲಸದ ಅವರ ಅಂಗಡಿ ಒಂದು ಇಳಿಜಾರು ಗಲ್ಲಿಯ ಕೊನೆಯಲ್ಲಿದೆ. ಗಲ್ಲಿ ಅಲ್ಲಿಗೆ ಒಂದು ಗೋಡೆಗೆ ಬಡಿದು ಮುಗಿಯುತ್ತದೆ. ವಿದ್ಯಾರ್ಥಿಯಾಗಿದ್ದಾಗ ನಾನಿದ್ದ ಕೋಣೆಯ ಹಿಂದೆಯೇ ಆ ಅಂಗಡಿ. ಅಂದಿನಿಂದಲೂ ನಾನು ಅವರನ್ನು 'ಆಪ್', ಅಂದರೆ 'ತಾವು', ಎಂದೇ ಕರೆದವನು. ಕರ್ನಾಟಕದಿಂದ ಬಂದವನು ಹಿಂದಿಯಲ್ಲಿ ಮೊದಲು ಕಲಿಯುವುದೇ ಅತಿವಿನಯ. ಲಿಂಗ ತಪ್ಪಬಹುದು, ವಚನ ತಪ್ಪಬಹುದು, 'ಜಿ' ಮಾತ್ರ ತಪ್ಪುವುದಿಲ್ಲ. ತರಕಾರಿಯವನಿಗೂ 'ಹಟಿಯೇ', ದಯಮಾಡಿ ಸರಿಯಿರಿ, ಎನ್ನುತ್ತೇನೆ. ಅವನು ಹಿಂದೆ ತಿರುಗಿ ಯಾವ ನವಾಬ ಬಂದ ಎಂದು ನೋಡುತ್ತಾನೆ.

ಮೇಜು, ಖಾನೆ, ಮಂಚಗಳೆಲ್ಲ ಮುಗಿಯುವ ಹೊತ್ತಿಗೆ ಈ ವ್ಯಾನಿನಲ್ಲಿ ನನ್ನದು ಅನ್ನುವುದು ಏನೂ ಇಲ್ಲವಲ್ಲ ಎಂಬ ವೈರಾಗ್ಯ ಬಂತು. ಮುಂದಿನ ಎರಡು ಸೀಟುಗಳ ನಡುವೆ ಒಂದು ಪುಟ್ಟ ಪೆಟ್ಟಿಗೆ ಕೇಳಿದೆ: ಕಾಫಿ ಫ್ಲಾಸ್ಕಿಗೆ ಒಂದು ಗುಂಡಿ, ಓದುತ್ತಿರುವ ಪುಸ್ತಕಕ್ಕೆ ಒಂದು ಸಂದಿ. ಮಿಸ್ತ್ರಿ ಅಳತೆ ಹಿಡಿದು, "ಪ್ರೊಫೆಸರ್ ಸಾಹೇಬರೇ, ಎರಡು ಬೆರಳು ಹಿಂದಕ್ಕೆ ಇಡೋಣ. ಇಲ್ಲದಿದ್ದರೆ ಹ್ಯಾಂಡ್‌ಬ್ರೇಕಿಗೆ ತಾಗುತ್ತೆ" ಎಂದರು. ಎರಡು ಬೆರಳು ಹಿಂದಕ್ಕಿಟ್ಟರೆ ಓಡಿಸುತ್ತ ಫ್ಲಾಸ್ಕು ನನ್ನ ಕೈಗೆ ಎಟುಕುತ್ತಿರಲಿಲ್ಲ. "ಚಲೇಗಾ, ಚಲೇಗಾ" ಎಂದೆ. ದಿಲ್ಲಿಯಲ್ಲಿ ಅತಿ ಹೆಚ್ಚು ಬಳಕೆಯಾಗುವ ಈ ಪದಕ್ಕೆ 'ನಡೆದೀತು, ಪರವಾಗಿಲ್ಲ' ಎಂಬುದು ಲೌಕಿಕ ಅರ್ಥ. 'ಚಲಿಸುತ್ತದೆ' ಎಂಬುದು ಧಾತುವಿನ ಅರ್ಥ. ನಾನು ಮೊದಲನೆಯ ಅರ್ಥದಲ್ಲಿ ಹೇಳಿದೆ, ವ್ಯಾನು ಎರಡನೆಯದನ್ನು ತೆಗೆದುಕೊಂಡಿತು.

ಅದಾದದ್ದು ಮರುವಾರ, ಒಂದು ಮಧ್ಯಾಹ್ನ. ಮೇಜಿನ ಚಿಲಕ ಬಿಗಿಯಾಗಿದೆ ಎಂದು ಸುನಂದಾ ದೂರಿದ್ದರಿಂದ ವ್ಯಾನನ್ನು ಗಲ್ಲಿಗೆ ಇಳಿಸಿ ತಂದು ಮೂತಿ ಮೇಲಕ್ಕೆ, ಹಿಂಬಾಗಿಲು ಗೋಡೆಯ ಕಡೆಗೆ ಮಾಡಿ ನಿಲ್ಲಿಸಿದೆ. ಹ್ಯಾಂಡ್‌ಬ್ರೇಕು ಎಳೆದೆ. ಅದು ನನ್ನ ಚೆಂದದ ಪೆಟ್ಟಿಗೆಗೆ ತಾಗಿ ಅರ್ಧಕ್ಕೆ ನಿಂತಿತು. ನಿಂತಿತಲ್ಲ ಎಂದುಕೊಂಡೆ. ಹಿಂಬಾಗಿಲಿಗೂ ಗೋಡೆಗೂ ನಡುವೆ ನಾಲ್ಕು ಹೆಜ್ಜೆ ಜಾಗ; ಅಲ್ಲಿ ಮೂರು ಕಾಲಿನ ಸ್ಟೂಲು ಹಾಕಿಕೊಂಡು ಮಿಸ್ತ್ರಿ ಚಿಲಕ ಬಿಚ್ಚುತ್ತಿದ್ದರು. ಸುನಂದಾ ತೆರೆದ ಡ್ರೈವರ್ ಬಾಗಿಲ ಪಕ್ಕ ನಿಂತು ಮೊಬೈಲಿನಲ್ಲಿ ಯಾರಿಗೋ ಎಮ್ಮೆಗೆ ಔಷಧಿ ಕುಡಿಸುವ ಕ್ರಮ ಹೇಳುತ್ತಿದ್ದಳು. ನಾನೂ ಇಳಾಳೂ ವ್ಯಾನಿನ ಮುಂದೆ, ಏರಿನ ಮೇಲೆ, ನಿಂಬೆಹಣ್ಣು ಉಜ್ಜಿದ ಸುಟ್ಟ ಜೋಳದ ತೆನೆ ತಿನ್ನುತ್ತಿದ್ದೆವು.

ವ್ಯಾನಿನ ಮುಂಗಾಜಿನಲ್ಲಿ ಆಕಾಶದ ಒಂದು ತುಂಡು ಕಾಣುತ್ತಿತ್ತು. ಅದು ಮೆಲ್ಲಗೆ ಜಾರಿತು. ಮೋಡ ಚಲಿಸುತ್ತಿದೆ ಎಂದುಕೊಂಡೆ. ಮೋಡ ಇರಲಿಲ್ಲ.

"ಹತ್ತು! ಹತ್ತು!" ಎಂದು ಕಿರುಚಿದೆ.

ಸುನಂದಾ ಹತ್ತಿ ಬ್ರೇಕು ತುಳಿಯಲಿ ಎಂದು ಹೇಳಿದ್ದು. ಅವಳು ಮೊಬೈಲಿಗೆ ಕೈ ಅಡ್ಡ ಹಿಡಿದು, "ಎಲ್ಲಿಗೆ ರೀ?" ಎಂದಳು. ಅಷ್ಟರಲ್ಲಿ ಬಾಗಿಲು ಅವಳ ಪಕ್ಕದಿಂದ ಸರಿದು ಹೋಗಿತ್ತು. ಆಮೇಲೆ ಒಂದು ಸದ್ದು. ತಗಡು ಗೋಡೆಗೆ ಬಡಿದದ್ದಲ್ಲ. ಅದಕ್ಕೂ ಮೊದಲು, ಕಡಲೆಕಾಯಿ ಒಡೆದಂಥ ಸಣ್ಣ ಸದ್ದು. ಸ್ಟೂಲಿನದು. ನಾನು ಈಗಲೂ ತರಗತಿಯಲ್ಲಿ ಪಾಣಿಪತ್ತಿನ ಯಾವುದೋ ಯುದ್ಧದ ಮಧ್ಯೆ ಮಾತು ನಿಲ್ಲಿಸುವುದು ಆ ಸದ್ದು ಕೇಳಿ. ವಿದ್ಯಾರ್ಥಿಗಳು ನಾನು ಸೈನಿಕರಿಗಾಗಿ ಮರುಗುತ್ತಿದ್ದೇನೆ ಎಂದು ತಿಳಿದಿದ್ದಾರೆ.

ಓಡಿಹೋಗಿ ನೋಡಿದರೆ ಮಿಸ್ತ್ರಿ ಪಕ್ಕದ ಮರದ ಹೊಟ್ಟಿನ ರಾಶಿಯ ಮೇಲೆ ಕುಳಿತಿದ್ದರು. ಕೈಯಲ್ಲಿ ಸ್ಕ್ರೂಡ್ರೈವರ್ ಹಾಗೇ ಇತ್ತು. ವ್ಯಾನಿನ ಬೆನ್ನಿಗೂ ಗೋಡೆಗೂ ನಡುವೆ ಸ್ಟೂಲು ಸೀಳಾಗಿ ಬಿದ್ದಿತ್ತು. ನಾಲ್ಕಾರು ಜನ ಸೇರಿದರು, ನೀರು ಬಂತು, ಚಹಾ ಬಂತು. ಯಾರೋ ಓಡಿಬಂದು ಚಕ್ರಕ್ಕೆ ಒಂದು ಇಟ್ಟಿಗೆ ಇಟ್ಟರು. ನಮ್ಮ ಕಥಾನಾಯಕನ ಪ್ರವೇಶ ಆಗಲೇ, ಎಲ್ಲ ಮುಗಿದ ಮೇಲೆ. ನನ್ನ ಕೈಯಲ್ಲಿ ಜೋಳದ ತೆನೆ ಇನ್ನೂ ಇತ್ತು. ಅದನ್ನು ಎಲ್ಲಿ ಇಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದೆ.

ಮಿಸ್ತ್ರಿ ಒಂದು ಲೋಟ ನೀರು ಕುಡಿದು ಸುತ್ತಲಿದ್ದವರಿಗೆ ನನ್ನನ್ನು ತೋರಿಸಿದರು. "ಇವರು ಉಳಿಸಿದರು. ಇಪ್ಪತ್ತು ವರ್ಷದಿಂದ 'ಆಪ್, ಆಪ್' ಅನ್ನೋ ಮನುಷ್ಯ. ಇವತ್ತು 'ಹಟ್ ತೂ! ಹಟ್ ತೂ!' ಅಂತ ಕೂಗಿದರು ನೋಡಿ, ಹಾರಿಬಿಟ್ಟೆ. 'ಹಟಿಯೇ ಮಿಸ್ತ್ರೀಜಿ' ಅಂತ ಶುರುಮಾಡಿದ್ದರೆ ನಾನು ಈಗ ಗೋಡೆಯಲ್ಲಿ ಇರುತ್ತಿದ್ದೆ." ಜನ ನಕ್ಕರು. ಆಮೇಲೆ ಅವರು ನನ್ನ ಕೈ ಹಿಡಿದುಕೊಂಡು ಸಣ್ಣ ದನಿಯಲ್ಲಿ, "'ತೂ' ಅಂತ ತನ್ನವರಿಗೆ ಮಾತ್ರ ಬಾಯಿಗೆ ಬರೋದು" ಎಂದರು.

ಹಿಂದಿಯ 'ಹಟ್ ತೂ' ಎಂದರೆ 'ಸರಿಯೋ ನೀನು'. ಕನ್ನಡದ 'ಹತ್ತು' ಎಂದರೆ ಏನೆಂದು ನಿಮಗೆ ಗೊತ್ತು. ದಂತ್ಯವಾದ 'ತ'ಕ್ಕೂ ಮೂರ್ಧನ್ಯವಾದ 'ಟ'ಕ್ಕೂ ಇರುವ ಅಂತರ ನಾಲಿಗೆಯ ತುದಿಯಲ್ಲಿ ಒಂದು ಬೆರಳಿನಷ್ಟೂ ಇಲ್ಲ, ಮತ್ತು ಅಷ್ಟರಲ್ಲಿ ಒಬ್ಬ ಮನುಷ್ಯ ಉಳಿದ. ಸಂತೋಷಪಡಬೇಕಾದ ವಿಷಯವೇ. ಆದರೆ ಒಂದು ಮಾತನ್ನು ನಿಮಗಾದರೂ ಹೇಳಿಬಿಡಬೇಕು: ಕೂಗುವಾಗ ಮಿಸ್ತ್ರಿ ನನ್ನ ನೆನಪಿನಲ್ಲೇ ಇರಲಿಲ್ಲ. ನನಗೆ ನೆನಪಿದ್ದದ್ದು ವ್ಯಾನಿನ ಹೊಸ ಬಣ್ಣ, ಪೆಟ್ಟಿಗೆಯಲ್ಲಿದ್ದ ಫ್ಲಾಸ್ಕು.

ಈ ರಹಸ್ಯಕ್ಕೆ ಸಾಕ್ಷಿ ಇಳಾ. ದಿಲ್ಲಿಯಲ್ಲೇ ಬೆಳೆದ ಮಗು. ಕನ್ನಡ ಕಿವಿಗೆ ಬರುತ್ತದೆ, ಬಾಯಿಗೆ ಅಷ್ಟಾಗಿ ಬರುವುದಿಲ್ಲ. ಮನೆಗೆ ಹೋಗುವಾಗ ಹಿಂದಿನಿಂದ ಕೇಳಿದಳು: "ಅಪ್ಪ, ನೀವು ಅಮ್ಮಂಗೆ 'ಹತ್ತು' ಅಂದ್ರಿ ನಾ? ಅಂಕಲ್‌ಗೆ ಗಲತ್ ಸುನಾಯಿ ದಿಯಾ."

"ಹೌದು ಪುಟ್ಟಾ, ಅವರಿಗೆ ತಪ್ಪಾಗಿ ಕೇಳಿಸಿತು" ಎಂದೆ.

"ಫಿರ್ ನೀವು ಯಾಕೆ ಹೇಳ್ಲಿಲ್ಲ?"

ಸುನಂದಾ ಕಿಟಕಿಯಾಚೆ ನೋಡುತ್ತಿದ್ದಳು. ಎಮ್ಮೆಯ ವಿಷಯ ಯೋಚಿಸುತ್ತಿದ್ದಾಳೆ ಎಂದು ನಂಬಲು ಪ್ರಯತ್ನಿಸಿದೆ.

ಸುಳ್ಳು ಹೇಳಿದರೆ ಒಂದು ಸಲ ಪಶ್ಚಾತ್ತಾಪಪಟ್ಟು ಮುಗಿಸಬಹುದು. ಸುಮ್ಮನೆ ಇದ್ದುಬಿಟ್ಟರೆ ಅದು ದಿನವೂ ಬೆಳೆಯುತ್ತದೆ. ಮುನಿರ್ಕಾದ ಆ ಗಲ್ಲಿಯಲ್ಲಿ ನಾನು ವೀರನಾದೆ. ಚಹಾದ ಅಂಗಡಿಯವನು 'ಹಟ್ ತೂ ವಾಲೇ ಪ್ರೊಫೆಸರ್' ಎಂದು ಸಲಾಮು ಹೊಡೆದ. ಮಿಸ್ತ್ರಿ ಈದ್ ದಿನ ಸೇವಯ್ಯಾ ಪಾಯಸ ಕಳಿಸಿದರು. ಪಾಯಸ ರುಚಿಯಾಗಿತ್ತು, ನನ್ನ ಪಾಲನ್ನು ಇಳಾಗೆ ಕೊಟ್ಟುಬಿಟ್ಟೆ. ಸತ್ಯ ಹೇಳಿದರೆ ಏನಾದೀತು ಎಂದು ಲೆಕ್ಕ ಹಾಕಿದೆ: ವ್ಯಾನು ಹೇಗೂ ದುರಸ್ತಿಯಾಗುತ್ತದೆ, ಆದರೆ ಆ 'ತನ್ನವರು' ಎಂಬ ಮಾತನ್ನು ಹಿಂದಿರುಗಿಸಬೇಕಾಗುತ್ತದೆ. ಇಪ್ಪತ್ತು ವರ್ಷ ದಿಲ್ಲಿಯಲ್ಲಿದ್ದು, ಸೋದರರಾಗಲಿ ಸೋದರತ್ತೆಯರಾಗಲಿ ಇಲ್ಲದ ಊರಿನಲ್ಲಿ, ಒಬ್ಬರು ಕೈ ಹಿಡಿದು ಕೊಟ್ಟದ್ದು. ಹಿಂದಿರುಗಿಸಲು ಮನಸ್ಸಾಗಲಿಲ್ಲ.

ಕೊನೆಗೆ ಪೆಟ್ಟಿಗೆ ಕೀಳಿಸಲು ಮೂವರೂ ಹೋದ ದಿನ ಹೇಳಿದೆ. ಅವರು ಮುಂದಿನ ಸೀಟುಗಳ ನಡುವೆ ಬಗ್ಗಿ ಮೊಳೆ ಕೀಳುತ್ತಿದ್ದರು. ಮುಖ ಕಾಣದಿರುವಾಗ ಸತ್ಯ ಹೇಳುವುದು ಸುಲಭ. ಆ ದಿನ ಕೂಗಿದ್ದು ಹಿಂದಿಯಲ್ಲ ಎಂದೆ. ಕನ್ನಡದಲ್ಲಿ ಹೆಂಡತಿಗೆ ಗಾಡಿ ಹತ್ತು ಎಂದದ್ದು. ನೀವು ಹಿಂದೆ ಇದ್ದೀರೆಂಬುದೇ ನನಗೆ ಹೊಳೆಯಲಿಲ್ಲ. ಎರಡು ಬೆರಳು ಬಿಡಿ ಎಂದು ನೀವು ಹೇಳಿದ್ದನ್ನು ಕೇಳದೆ ನಿಮ್ಮನ್ನೇ ಕೊಲ್ಲುತ್ತಿದ್ದೆ. ಇಷ್ಟನ್ನೂ ಕೆಟ್ಟ ವ್ಯಾಕರಣದಲ್ಲಿ, ಧಾರಾಳ 'ಜಿ'ಗಳ ಸಮೇತ ಹೇಳಿದೆ.

ಮೊಳೆ ಕೀಳುವ ಸದ್ದು ನಿಂತಿತು.

"ಮೇಡಂ ಹತ್ತಿದರಾ?" ಎಂದು ಒಳಗಿನಿಂದ ಕೇಳಿದರು.

"ಇಲ್ಲ. ಎಲ್ಲಿಗೆ ಅಂತ ಕೇಳಿದಳು."

ಕೆಂಪು ಗಡ್ಡ ಹೊರಗೆ ಬಂತು. "ಅಚ್ಛಾ! ಅಂದರೆ ಇಡೀ ದಿಲ್ಲಿಯಲ್ಲಿ ನಿಮ್ಮ ಮಾತು ಕೇಳಿದವನು ನಾನೊಬ್ಬನೇ!" ಎಂದರು. ಆಮೇಲೆ ಅವರು ನಕ್ಕ ನಗೆಗೆ ಚಹಾದ ಅಂಗಡಿಯವನು ಸೌಟು ಹಿಡಿದುಕೊಂಡೇ ಹೊರಗೆ ಬಂದ. ನಗು ಮುಗಿಸಿ ಕಣ್ಣೊರೆಸಿಕೊಂಡು, ಬೆಳಕಿಗೆ ಅಡ್ಡ ನಿಂತಿದ್ದ ನನ್ನನ್ನು ಮೊಣಕೈಯಲ್ಲಿ ಒತ್ತರಿಸಿದರು. "ಚಲ್, ಹಟ್ ತೂ." ಅರುವತ್ತರ ಮಿಸ್ತ್ರಿ, ಇಷ್ಟು ವರ್ಷ 'ಪ್ರೊಫೆಸರ್ ಸಾಹೇಬ್' ಎಂದವರು, ಮೊದಲ ಸಲ ನನ್ನನ್ನು 'ತೂ' ಎಂದರು. ನಾನು ಸರಿದು ನಿಂತೆ. ಅಂಥ ಬೈಗುಳಕ್ಕಾಗಿ ಎಷ್ಟು ಬೇಕಾದರೂ ಸರಿಯಬಹುದು.

ಆ ದಿನ ಅವರು ನನ್ನ ಪೆಟ್ಟಿಗೆಯ ಹಲಗೆಗಳಿಂದಲೇ, ಅಪಘಾತದ ದಿನದಿಂದ ನಮ್ಮ ಜೊತೆಗೇ ಇದ್ದ ಇಟ್ಟಿಗೆಗೆ ಗೂಡು ಮಾಡಿಕೊಟ್ಟರು. ಫ್ಲಾಸ್ಕು ಈಗ ನನ್ನ ತೊಡೆಗಳ ನಡುವೆ ಕೂರುತ್ತದೆ, ಕಾಫಿ ಆಗಾಗ ಪ್ಯಾಂಟಿನ ಮೇಲೆ ಚೆಲ್ಲುತ್ತದೆ, ನ್ಯಾಯವಾಗಿಯೇ ಇದೆ. ಕೆಲಸ ಮುಗಿದು ನಾವು ಹೊರಟಾಗ ಮಿಸ್ತ್ರಿ ತಾವೇ ಬಗ್ಗಿ ಚಕ್ರದ ಕೆಳಗಿನಿಂದ ಇಟ್ಟಿಗೆ ತೆಗೆದು, ಮಣ್ಣು ಕೊಡವಿ ಅದರ ಸೀಟಿನಲ್ಲಿ ಕೂರಿಸಿದರು. ಆಮೇಲೆ ವ್ಯಾನಿನ ಬೆನ್ನಿಗೆ ಎರಡು ಏಟು ತಟ್ಟಿ, ಅಂದು ಕಲಿತ ತಮ್ಮ ಮೊದಲ ಕನ್ನಡ ಪದವನ್ನು ಗಲ್ಲಿಯೇ ಕೇಳುವಂತೆ ಕೂಗಿದರು:

"ಹತ್ತು! ಹತ್ತು!"

ಈ ಸಲ ಸುನಂದಾ ಎಲ್ಲಿಗೆ ಎಂದು ಕೇಳದೆ ಹತ್ತಿ ಡ್ರೈವರ್ ಸೀಟಿನಲ್ಲಿ ಕುಳಿತು ಬ್ರೇಕಿನ ಮೇಲೆ ಕಾಲಿಟ್ಟಳು. ಇಳಾ ಹತ್ತಿದಳು. ಇಟ್ಟಿಗೆ ಆಗಲೇ ಕುಳಿತಿತ್ತು. ನಾನು ಮಾತ್ರ ಅದನ್ನು ಹಿಂದಿಯಲ್ಲಿ ಕೇಳಿಸಿಕೊಂಡು, ಜೀವ ಉಳಿಸಿಕೊಳ್ಳುವವನಂತೆ ಪಕ್ಕಕ್ಕೆ ಹಾರಿ ಮರದ ಹೊಟ್ಟಿನ ರಾಶಿಯಲ್ಲಿ ನಿಂತಿದ್ದೆ.