ಯಕೃತ್ತಿನಲ್ಲಿ ಹಸೀನ್

ಮೊನ್ನೆ ಯಾದಗಿರಿಯ ಪುಸ್ತಕದಂಗಡಿಯೊಂದರಲ್ಲಿ ಒಬ್ಬ ತಾಯಿ ಮಗಳಿಗಾಗಿ ಹೈಲೈಟರ್ ಪೆನ್ನು ಆರಿಸುತ್ತಿದ್ದರು. ಒಂದನ್ನು ಅಂಗೈ ಮೇಲೆ ಗೀಚಿ ನೋಡಿದರು. ಹಣ್ಣಿನದೂ ಅಲ್ಲದ, ಸೀಮೆಎಣ್ಣೆಯದೂ ಅಲ್ಲದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿಬಿಟ್ಟೆ. ನಿಮ್ಮೆದುರು ಮುಚ್ಚುಮರೆ ಯಾಕೆ, ಒಂದು ಕಾಲಕ್ಕೆ ನಾನು ಪುಸ್ತಕ ಓದುತ್ತಿರಲಿಲ್ಲ, ಬಣ್ಣ ಬಳಿಯುತ್ತಿದ್ದೆ.

ಮುಖ್ಯವಾದ ಸಾಲಿಗೆ ಗುರುತು ಹಾಕಿಕೋ ಎಂದು ಯಾರೋ ಹೇಳಿದ್ದರು. ಯಾವುದು ಮುಖ್ಯವಲ್ಲ ಎಂದು ತೀರ್ಮಾನಿಸಲು ನಾನು ಯಾರು? ಈ ವಿನಯದಿಂದಾಗಿ ಇಡೀ ಪುಟ ಹಳದಿಯಾಗುತ್ತಿತ್ತು. ಹೆಚ್ಚು ಮುಖ್ಯವಾದದ್ದಕ್ಕೆ ಮೇಲೊಂದು ಗುಲಾಬಿ, ಅದಕ್ಕಿಂತ ಮುಖ್ಯವಾದದ್ದಕ್ಕೆ ಹಸಿರು. ಕೊನೆಗೆ ಬಣ್ಣ ಬೀಳದ ಪುಟಸಂಖ್ಯೆಯೊಂದೇ ಎದ್ದು ಕಾಣುತ್ತಿತ್ತು.

ಆಗ ಶಹಾಪುರದಲ್ಲಿ ಡಿ.ಎಡ್. ಓದುತ್ತಿದ್ದೆ. ನಾನು ವಡಗೇರಾದಿಂದ ಬಸ್ಸಿಗೆ ಬರುತ್ತಿದ್ದೆ, ಗೆಳತಿ ರೇಷ್ಮಾ ಸುರಪುರದಿಂದ. ಪಾಠ ಮಾಡಿ ರೂಢಿಯಾಗಲೆಂದು ಇಬ್ಬರನ್ನೂ ಒಂದೇ ಶಾಲೆಗೆ ಹಾಕಿದ್ದರು. ಏಳನೇ ತರಗತಿಯ ಒಂದು ವಿಭಾಗಕ್ಕೆ ಅವಳು, ಇನ್ನೊಂದಕ್ಕೆ ನಾನು. ಪಾಠ ಒಂದೇ, ಜೀರ್ಣಕ್ರಿಯೆ. ಶಾಲೆಯವರು ಕೊಟ್ಟ ಪುಸ್ತಕವೂ ಒಂದೇ. ಎರಡು ದಿನ ಅವಳ ಹತ್ತಿರ, ಎರಡು ದಿನ ನನ್ನ ಹತ್ತಿರ.

ರೇಷ್ಮಾ ಒಂದು ಪುಟ ಓದಿ ಪುಸ್ತಕ ಮುಚ್ಚುತ್ತಿದ್ದಳು. ಸೂರು ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದಳು. ಆಮೇಲೆ ಎರಡು ಪದ ಬರೆಯುತ್ತಿದ್ದಳು.

"ಎರಡು ದಿನ ಪುಸ್ತಕ ಇಟಗೊಂಡು ಅರ್ಧ ಹಾಳಿ ಬರದಿ?" ಎಂದೆ.

"ತಲ್ಯಾಗ ನಿಲ್ಲದಿದ್ದಷ್ಟೇ ಹಾಳ್ಯಾಗ ಇದ್ರ ಸಾಕವ್ವ" ಎಂದಳು.

ನನ್ನ ಸರದಿ ಬಂತು. ಶಾಲೆಯ ಪುಸ್ತಕಕ್ಕೆ ಬಣ್ಣ ಬಳಿಯುವಂತಿಲ್ಲ. ಆದ್ದರಿಂದ ಮೊದಲ ಅಕ್ಷರದಿಂದ ಇಡೀ ಪಾಠ ನಕಲು ಮಾಡಿದೆ. "ಮೇಲಿನ ಚಿತ್ರವನ್ನು ಗಮನಿಸಿ" ಎಂಬುದನ್ನೂ ಬರೆದೆ, ಚಿತ್ರ ಮಾತ್ರ ಬರೆಯಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಅವ್ವ ಕೇಳಿದಳು:

"ಪುಸ್ತಕ ಕೈಯಾಗೇ ಅದ, ಮತ್ಯಾಕ ಇನ್ನೊಂದು ಮಾಡಾಕತ್ತಿ?"

"ಇದು ನೋಟ್ಸ್ ಬೇ."

ಒಟ್ಟು ಇಪ್ಪತ್ತಮೂರು ಪುಟ. ಪಾಠದ ದಿನ ಅದನ್ನು ತೆರೆದರೆ ಎಲ್ಲಿಂದ ಹಿಡಿಯಬೇಕೆಂದೇ ತಿಳಿಯಲಿಲ್ಲ. ರೇಷ್ಮಾ ಆಗಲೇ ತನ್ನ ತರಗತಿಗೆ ಹೋಗಿದ್ದಳು. ಶಿಕ್ಷಕರ ಕೋಣೆಯ ಮೇಜಿನ ಮೇಲೆ ಅವಳ ಅರ್ಧ ಹಾಳೆ ಇತ್ತು, ಎತ್ತಿಕೊಂಡೆ. ಜಠರ, ಪೆಪ್ಸಿನ್. ಮೇದೋಜೀರಕ, ಟ್ರಿಪ್ಸಿನ್. ಯಕೃತ್ತು, ಹಸೀನ್: ಸಿಹಿ ಕೂಡಿಡೂದು, ಬೇಕಾದಾಗ ಕೊಡೂದು.

ಪೆಪ್ಸಿನ್, ಟ್ರಿಪ್ಸಿನ್, ಹಸೀನ್. ನೀವೇ ಹೇಳಿ, ಅನುಮಾನ ಬರುವಂಥದ್ದು ಏನಿದೆ?

ಹಲಗೆಯ ಮೇಲೆ ದಪ್ಪಕ್ಷರದಲ್ಲಿ "ಹಸೀನ್: ಯಕೃತ್ತಿನ ಕಿಣ್ವ" ಎಂದು ಬರೆದೆ. ಮಕ್ಕಳಿಂದ ಮೂರು ಸಲ ಒಟ್ಟಿಗೆ ಹೇಳಿಸಿದೆ. ನಲವತ್ತು ಮಕ್ಕಳೂ ಬರೆದುಕೊಂಡರು. ಅಂಕ ಕೊಡಲು ಹಿಂದಿನ ಬೆಂಚಿನಲ್ಲಿ ಕೂತಿದ್ದ ನಮ್ಮ ಕನ್ನಡದ ಸರ್ ಕೂಡ ಬರೆದುಕೊಂಡರು.

"ಹಸೀನ್ ಸುದ್ದಿ ನನಗ ಗೊತ್ತೇ ಇರಲಿಲ್ಲ ನೋಡ್ರಿ. ಭಾಳ ಛಲೋ ತಯಾರಿ ಮಾಡೀರಿ" ಎಂದರು. ಎಲ್ಲರಿಗಿಂತ ಹೆಚ್ಚಿನ ಅಂಕ ನನಗೇ ಕೊಟ್ಟರು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ರೇಷ್ಮಾಗೆ ಹೆಮ್ಮೆಯಿಂದ ಎಲ್ಲ ಹೇಳಿದೆ. ಅವಳು ನನ್ನ ಮುಖ ನೋಡಿದಳು.

"ಹಸೀನ್ ಅಂದ್ರ ನಮ್ಮ ಹಸೀನಾ ಖಾಲಾ, ಅಮ್ಮೀನ ತಂಗಿ. ಮಿಠಾಯಿ ಡಬ್ಬಿ ಅಲಮಾರ್ಯಾಗ ಕೀಲಿ ಹಾಕಿ ಇಡ್ತಾಳ. ಹಸಿವು ಅಂದವರಿಗೆ ಒಂದೊಂದೇ ತಗದು ಕೊಡ್ತಾಳ. ಯಕೃತ್ತೂ ಹಂಗೇ ಅಲ್ಲೇನು? ನೆನಪಿರ್ಲಿ ಅಂತ ಬರದಿದ್ದೆ."

ಹೇಳಿ ಮುಗಿಸಿ ನಗಲು ಶುರು ಮಾಡಿದವಳು ಸುರಪುರದ ಬಸ್ಸು ಹೋದರೂ ನಗು ನಿಲ್ಲಿಸಲಿಲ್ಲ. ನಾನು ವಡಗೇರಾದ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ನನ್ನ ನಕಲು ತೆರೆದೆ. ಹದಿನೇಳನೆಯ ಪುಟದಲ್ಲಿ ಯಕೃತ್ತು ಮುತ್ತಿನಂಥ ಅಕ್ಷರದಲ್ಲಿ ಕೂತಿತ್ತು, ಎಲ್ಲೂ ಹಸೀನ್ ಇಲ್ಲ. ಎಲ್ಲವನ್ನೂ ನನ್ನ ಕೈಯೇ ಬರೆದಿತ್ತು, ನನಗೆ ಹೇಳಿರಲಿಲ್ಲ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಂಕವೂ ಉಳಿಯುತ್ತಿತ್ತು. ಆದರೆ ಆ ನಲವತ್ತರಲ್ಲಿ ಒಬ್ಬರು ಮುಂದೆ ಡಾಕ್ಟರಾಗಿ, ಯಾವುದೋ ದೊಡ್ಡ ಸಭೆಯಲ್ಲಿ ಎದ್ದುನಿಂತು ಹಸೀನ್ ಬಗ್ಗೆ ಕೇಳಿದರೆ? ಮರುದಿನ ಬೆಳಿಗ್ಗೆ ಸರ್ ಮುಂದೆ ನಿಂತು ಒಪ್ಪಿಕೊಂಡೆ.

ಅವರು ತಮ್ಮ ವಹಿ ತೆಗೆದು ಒಂದು ಸಾಲು ಹೊಡೆದುಹಾಕಿದರು.

"ಮನ್ಯಾಗ ನಮ್ಮಾಕಿಗೂ ಹೇಳಿಬಿಟ್ಟೀನ್ರಿ" ಎಂದರು. "ಆಕಿಗೆ ಸಕ್ಕರಿ ಕಾಯಿಲಿ ಅದ. 'ನನ್ನ ಮೈಯಾಗ ಹಸೀನ್ ಕಮ್ಮಿ ಆಗ್ಯಾದೇನೋ, ಡಾಕ್ಟರಿಗೆ ಕೇಳ್ತೀನಿ' ಅಂತ ಚೀಟಿ ಬರದಿಟ್ಟಾಳ."

ನಾಲ್ಕು ಅಂಕ ಕಳೆದರು. ಆದರೆ ತಪ್ಪು ತಿದ್ದಲು ಇನ್ನೊಂದು ತಾಸು ಕೊಟ್ಟರು.

ತರಗತಿಯಲ್ಲಿ, ನಿನ್ನೆ ಹೇಳಿದ್ದು ತಪ್ಪು ಎಂದೆ. ಕೈಯಲ್ಲಿ ಹಾಳೆ ಹಿಡಿಯದೆ, ಹಸೀನಾ ಖಾಲಾ ಯಾರು, ಯಕೃತ್ತು ಏನು ಮಾಡುತ್ತದೆ ಎಂದು ತಿಳಿದಷ್ಟನ್ನು ನನ್ನ ಮಾತಿನಲ್ಲೇ ಹೇಳಿದೆ. ಯಾರೂ ಕಿಟಕಿಯಾಚೆ ನೋಡಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು.

"ಟೀಚರ್, ಆ ಖಾಲಾ ಮನಿ ಸುರಪುರದಾಗ ಎಲ್ಲಿ ಬರ್ತದ್ರಿ?"

ಅಂದಿನಿಂದ ನನ್ನ ನೋಟ್ಸ್ ಸಣ್ಣಗಾಗುತ್ತ ಬಂತು. ಒಂದು ಪುಟ ಓದಿ, ಪುಸ್ತಕ ಮುಚ್ಚಿ, ಒಲೆಯ ಮುಂದೆ ಕೂತು ಅವ್ವನಿಗೆ ಹೇಳುತ್ತಿದ್ದೆ. "ಅದೆಲ್ಲಾ ಖರೆ, ಮತ್ತ ರೊಟ್ಟಿ ಎಲ್ಲಿಗಿ ಹೋತು?" ಎಂದು ಅವಳು ಕೇಳುತ್ತಿದ್ದಳು. ಅವಳಿಗೆ ತಿಳಿಯದ ಜಾಗವೇ ನನಗೂ ತಿಳಿಯದ ಜಾಗ. ಮತ್ತೆ ಪುಸ್ತಕ ತೆರೆದು ಅಷ್ಟನ್ನು ಮಾತ್ರ ಬರೆದುಕೊಳ್ಳುತ್ತಿದ್ದೆ.

ಈಗ ಯಾದಗಿರಿಯಲ್ಲಿ ನಾನೇ ವಿಜ್ಞಾನದ ಟೀಚರು. ನೋಟ್ಸ್ ಸಣ್ಣದಿರಲಿ ಎಂದು ಉಪದೇಶ ಮಾಡುವ ಚಟ ಬೇರೆ ಅಂಟಿದೆ. ಆದರೂ ನಿನ್ನೆ ಭಾಗ್ಯಶ್ರೀ ಎಂಬ ಹುಡುಗಿ ಉಸಿರಾಟದ ಪಾಠಕ್ಕೆ ಬರೆದು ತಂದದ್ದು ನೋಡಿ ಸಿಟ್ಟು ಬಂತು. ಇದ್ದದ್ದು ಒಂದೇ ಸಾಲು: ಊರ ಅಗಸಿ ಬಾಗಿಲು, ಎರಡು ಓಣಿ, ದ್ರಾಕ್ಷಿ ಗೊಂಚಲು.

"ಏನಿದು? ನನಗೇನೂ ತಿಳೀವಲ್ದು" ಎಂದೆ.

"ನಿಮಗ್ಯಾಕ ತಿಳೀಬೇಕ್ರಿ ಟೀಚರ್? ಪರೀಕ್ಷಾ ಬರಿಯಾಕಿ ನಾನು."

ಹಾಗಾದರೆ ಹೇಳು ಎಂದೆ. ಹೇಳಿದಳು, ಮೂಗೆಂಬ ಅಗಸಿಯಿಂದ ಹಿಡಿದು ಶ್ವಾಸಕೋಶದ ಕೊನೆಯ ದ್ರಾಕ್ಷಿಯಂಥ ಗುಳ್ಳೆಯವರೆಗೆ, ತಡವರಿಸದೆ. ನಡುವೆ ಒಂದು ಕಡೆ, ಅವಳು ಹೇಳಿದ್ದು ಸರಿಯೋ ಅಲ್ಲವೋ ಎಂದು ನಾನೇ ಪುಸ್ತಕ ತೆರೆದು ನೋಡಬೇಕಾಯಿತು.